ಕೊಕ್ಕರೆ ಕೊಟ್ಟ ಮಾತು

ಸೆಪ್ಟೆಂಬರ್ 2, ಸೋಮವಾರ

ಪಾಪು ಇವತ್ತು ಸಂಜೆ ನನಗೊಂದು ಫೋಟೊ ಕಳಿಸಿದಳು.

ಹೀಗೆ ಬರೆದು ಮತ್ತೆ ಓದಿದೆ. ಹೊಡೆದುಹಾಕೋಣ ಎಂದುಕೊಂಡೆ. ಆದರೆ ನಡೆದದ್ದು ಅದೇ. ಮಗಳು ತೀರಿಕೊಂಡು ಐದನೇ ತಿಂಗಳು ನಡೆಯುತ್ತಿದೆ. ಅವಳ ಫೋನು ಬೀರುವಿನಲ್ಲಿ, ಅವಳ ಬಟ್ಟೆಗಳ ಕೆಳಗೆ, ಚಾರ್ಜಿಲ್ಲದೆ ಬಿದ್ದಿದೆ. ಆದರೂ ಅವಳ ಹೆಸರಿನಿಂದ ನನ್ನ ಫೋನಿಗೆ ಫೋಟೊ ಬಂತು.

ಅಂಗಡಿಯಲ್ಲಿದ್ದೆ. ಯಾರದೋ ಕನ್ನಡಕದ ಎಡಗಣ್ಣಿನ ಲೆನ್ಸನ್ನು ತಿರುಗುವ ಕಲ್ಲಿಗೆ ಹಿಡಿದು ಅಂಚು ಅರೆಯುತ್ತಿದ್ದೆ. ಕಲ್ಲಿನ ಮೇಲೆ ನೀರು ಬೀಳುವ ಸದ್ದಿಗೆ ಫೋನು ಗುರುಗುಟ್ಟಿದ್ದು ಕೇಳಲಿಲ್ಲ. ಮೇಜಿನ ಮೇಲೆ ಅದು ಸರಿದದ್ದು ಕಂಡಿತು. ಹುಡುಗರು ಫೋಟೊ ಕಳಿಸಿಕೊಳ್ಳುವ ಆ್ಯಪ್ ಅದು. ಹೋದ ವರ್ಷ ಅವಳೇ ನನ್ನ ಫೋನಿಗೆ ಹಾಕಿಕೊಟ್ಟಿದ್ದಳು. "ಇದ್ರಲ್ಲಿ ನೀನು ಸುಮ್ನೆ ಇರು ಅಷ್ಟೇ. ಏನೂ ಮಾಡ್ಬೇಡ. ನನ್ನ ಫ್ರೆಂಡ್ಸಿಗೆ ಹೂವಿನ ಚಿತ್ರ ಅಂತೂ ಕಳಿಸ್ಲೇಬೇಡ" ಎಂದಿದ್ದಳು. ಸುಮ್ಮನೆ ಇದ್ದೆ. ಒಮ್ಮೆಯೂ ತೆರೆದಿರಲಿಲ್ಲ.

ಫೋಟೊದಲ್ಲಿ ಏನಿತ್ತು ಎಂದರೆ ಏನೂ ಇರಲಿಲ್ಲ. ಛಾವಣಿಯ ಒಂದು ಮೂಲೆ, ಅರ್ಧ ಟ್ಯೂಬ್‌ಲೈಟು, ಕೈ ಅಲುಗಿ ಎಲ್ಲ ಮಸುಕು. ಮೇಲೆ ಅವಳ ಹೆಸರು. ಪಕ್ಕದಲ್ಲಿ ಒಂದು ಹಸಿರು ಚುಕ್ಕೆ, ಈ ಹೊತ್ತು ಈ ಮನುಷ್ಯ ಇಲ್ಲಿ ಇದ್ದಾನೆ ಎಂದು ತೋರಿಸುವ ಚುಕ್ಕೆ. ನೋಡುತ್ತಿದ್ದಂತೆ ಫೋಟೊ ತಾನಾಗಿ ಮಾಯವಾಯಿತು. ಚುಕ್ಕೆ ಇನ್ನೂ ಸ್ವಲ್ಪ ಹೊತ್ತು ಇತ್ತು. ಆಮೇಲೆ ಅದೂ ಹೋಯಿತು.

ಕಣ್ಣು ಪರೀಕ್ಷೆ ಮಾಡುವ ನಮ್ಮ ಯಜಮಾನಿ ಡಾಕ್ಟರಮ್ಮ ಪರದೆ ಸರಿಸಿ ಹೊರಗೆ ಬಂದರು. "ಏನ್ರೀ, ಲೆನ್ಸ್ ಅರೀತಿದೀರೋ ಪೆಪ್ಪರ್‌ಮಿಂಟ್ ಮಾಡ್ತಿದೀರೋ?" ನೋಡಿದರೆ ಲೆನ್ಸು ಉಗುರಿನಷ್ಟಾಗಿತ್ತು.

ಸೆಪ್ಟೆಂಬರ್ 3, ಮಂಗಳವಾರ

ಇವತ್ತೂ ಬಂತು. ನೆಲ, ಯಾರದೋ ಚಪ್ಪಲಿಯ ತುದಿ.

ಇವರಿಗೆ, ಪಾಪುವಿನ ಅಪ್ಪನಿಗೆ, ಹೇಳಲಿಲ್ಲ. ಅವಳ ಹೆಸರು ಬಂದರೆ ಇವರು ಎದ್ದು ಹೋಗಿ, ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಾರೆ.

ಸೆಪ್ಟೆಂಬರ್ 5, ಗುರುವಾರ

ಕೊಕ್ಕರೆಯನ್ನು ಹಿಡಿದೆ. ಕಾಲೇಜಿನ ಗೇಟಿನ ಹೊರಗೆ, ಬಸ್ಸು ನಿಲ್ಲುವಲ್ಲಿ.

ಪಾಪುವಿನ ಗೆಳತಿ ಅವಳು, ಒಂದನೇ ಕ್ಲಾಸಿನಿಂದ. ಎಂಟನೇ ಕ್ಲಾಸಿನಲ್ಲಿ ಇದ್ದಕ್ಕಿದ್ದಂತೆ ಉದ್ದಕ್ಕೆ ಬೆಳೆದು, ಬೆಳೆದದ್ದಕ್ಕೆ ನಾಚಿ ಕುತ್ತಿಗೆ ಬಾಗಿಸಿ ನಡೆಯತೊಡಗಿದಾಗ ಪಾಪು ಇಟ್ಟ ಹೆಸರು ಕೊಕ್ಕರೆ. ಅವಳ ಅಮ್ಮನೂ ಈಗ ಹಾಗೇ ಕರೆಯುತ್ತಾರೆ. ಪಾಪು ಆಸ್ಪತ್ರೆಯಲ್ಲಿ ತೀರಿಕೊಂಡ ದಿನದ ನಂತರ ಅವಳು ನಮ್ಮ ಮನೆಗೆ ಬಂದಿರಲಿಲ್ಲ.

"ಪಾಪು ಹೆಸ್ರಲ್ಲಿ ಯಾರೋ ನಂಗೆ ಫೋಟೊ ಕಳಿಸ್ತಿದಾರೆ" ಎಂದೆ.

ಮುಖದ ಬಣ್ಣ ಇಳಿದುಹೋಯಿತು. "ನಿಮಗೂ ಬಂತಾ? ಅಯ್ಯೋ, ಸಾರಿ ಆಂಟಿ. ಎಲ್ರಿಗೂ ಒಟ್ಟಿಗೆ ಕಳಿಸುವಾಗ ನಿಮ್ಮ ಹೆಸ್ರಿಗೂ ಕೈ ತಾಗಿರ್ಬೇಕು. ಹೊಸ ಫೋನು, ಎಲ್ಲ ಹೆಚ್ಚುಕಮ್ಮಿ ಆಗಿದೆ…"

"ನೀನಾ?"

ತಲೆಯಾಡಿಸಿದಳು. ಬಸ್ಸು ಬಂತು, ಹೋಯಿತು. ಅವಳು ಹತ್ತಲಿಲ್ಲ.

ಆಮೇಲೆ ಹೇಳಿದ್ದು ಇಷ್ಟು. ಇಬ್ಬರು ಗೆಳೆಯರು ದಿನಕ್ಕೊಮ್ಮೆ ತಪ್ಪದೆ ಒಬ್ಬರಿಗೊಬ್ಬರು ಫೋಟೊ ಕಳಿಸಿಕೊಂಡರೆ ಅವರ ಹೆಸರಿನ ಪಕ್ಕ ಒಂದು ಪುಟ್ಟ ಬೆಂಕಿ ಉರಿಯುತ್ತದೆ. ಒಂದು ದಿನ ತಪ್ಪಿದರೆ ಆರುತ್ತದೆ. ಮತ್ತೆ ಹೊತ್ತಿಸಬಹುದು, ಆದರೆ ಅದು ಹೊಸದು. ಹಳೆಯದು ಹೋದದ್ದು ಹೋದದ್ದೇ. ಇವರ ಗುಂಪಿನ ನಾಲ್ವರ ಬೆಂಕಿ ಶಾಲೆಯ ದಿನಗಳಿಂದ ಉರಿಯುತ್ತಿದೆಯಂತೆ.

"ಆಸ್ಪತ್ರೇಲಿ ಫೋನ್ ಇಟ್ಕೊಳೋಕೆ ಬಿಡಲ್ಲ ಅಂದ್ರಲ್ಲ, ಆವತ್ತು ನಂಗೆ ಪಾಸ್‌ವರ್ಡ್ ಕೊಟ್ಳು ಆಂಟಿ. ಎಲ್ರೂ ಹಾಗೇ ಮಾಡ್ತೀವಿ. ಊರಿಗೆ ಹೋಗೋರು ಪಕ್ಕದ ಮನೆಗೆ ಕೀ ಕೊಟ್ಟು, ಗಿಡಕ್ಕೆ ನೀರು ಹಾಕಿ ಅಂತಾರಲ್ಲ, ಹಾಗೆ. 'ನಾನು ವಾಪಸ್ ಬರೋವರೆಗೂ ಆರಿಸ್ಬೇಡ ಕಣೇ, ಆಣೆ ಮಾಡು' ಅಂದ್ಳು. ಮಾಡ್ದೆ."

ಪಾಪು ಬರಲಿಲ್ಲ. ಹಾಗಾಗಿ ಇವಳ ಆಣೆ ಮುಗಿಯಲಿಲ್ಲ. ಅಂದಿನಿಂದ ದಿನಾ ಸಂಜೆ ಪಾಪುವಾಗಿ ಒಳಗೆ ಹೋಗಿ ಎಲ್ಲರಿಗೂ ಏನಾದರೊಂದು ಕಳಿಸುತ್ತಾಳೆ. ಪಾಪುವಿನಿಂದ ತನಗೂ ಕಳಿಸಿಕೊಳ್ಳುತ್ತಾಳೆ.

"ಫೋಟೊದಲ್ಲಿ ಏನೂ ಇರಲ್ವಲ್ಲೇ?"

"ಏನಾದ್ರೂ ಇರ್ಬೇಕು ಅಂತಿಲ್ಲ ಆಂಟಿ. ಕಳಿಸಿದ್ರೆ ಸಾಕು." ಕಣ್ಣೊರೆಸಿಕೊಂಡಳು. "ನಿಮ್ಮ ಹೆಸ್ರು ತೆಗೆದುಬಿಡ್ತೀನಿ, ಇವತ್ತೇ."

ಅವಳ ಕೈ ಹಿಡಿದುಕೊಂಡೆ. "ತೆಗೀಬೇಡ" ಎಂದೆ. "ನನ್ನನ್ನೂ ಇಟ್ಕೋ."

ಸೆಪ್ಟೆಂಬರ್ 9, ಸೋಮವಾರ

ಹೊತ್ತಿಕೊಂಡಿತು! ಸಂಜೆ ನೋಡುತ್ತೇನೆ, ಅವಳ ಹೆಸರಿನ ಪಕ್ಕದಲ್ಲಿ ಬೆಂಕಿ. ನನ್ನದೂ ಅವಳದೂ. ಅವಳಿದ್ದಾಗ ನಮ್ಮಿಬ್ಬರ ನಡುವೆ ಇದು ಇರಲಿಲ್ಲ.

ನಾನು ಕಳಿಸಿದ್ದು ಅಂಗಡಿಯ ಬಿಸಿ ಮಣಿಗಳ ಬಟ್ಟಲಿನ ಫೋಟೊ. ಕನ್ನಡಕದ ಕಡ್ಡಿಯನ್ನು ಆ ಮಣಿಗಳೊಳಗೆ ತೂರಿಸಿ ಮೆತ್ತಗೆ ಮಾಡಿ ಬಾಗಿಸುತ್ತೇವೆ. ಪಾಪು ಚಿಕ್ಕವಳಿದ್ದಾಗ ಅದರಲ್ಲಿ ಬೆರಳಿಟ್ಟು ಸುಟ್ಟುಕೊಂಡಿದ್ದಳು.

ರಾತ್ರಿ ಊಟ ರುಚಿಯಾಗಿತ್ತು. ಇವರು ಎರಡು ಸಲ ನನ್ನ ಮುಖ ನೋಡಿದರು.

ಸೆಪ್ಟೆಂಬರ್ 18, ಬುಧವಾರ

ಛಾವಣಿ ನೋಡಿ ನೋಡಿ ಸಾಕಾಯಿತು. ಪಾಪು ಕೂರುತ್ತಿದ್ದ ಜಾಗಗಳಿಂದ ತೆಗೆದು ಕಳಿಸು ಎಂದು ಕೊಕ್ಕರೆಗೆ ಹೇಳಿದ್ದೆ. ಹೇಳಿದ ಹಾಗೆ ಮಾಡುತ್ತಿದ್ದಾಳೆ. ಮೊನ್ನೆ ಲೈಬ್ರರಿಯ ಕಿಟಕಿ. ನಿನ್ನೆ ಕಾಲೇಜಿನ ಹಿಂದಿನ ಮೆಟ್ಟಿಲು, ಬಿಸಿಲು ಅರ್ಧ ಬಿದ್ದದ್ದು. ನನಗೆ ಆ ಮೆಟ್ಟಿಲು ಗೊತ್ತೇ ಇರಲಿಲ್ಲ. ಅಲ್ಲಿ ಕೂತು ಮೂವರಿಗೂ ಎಲ್ಲರ ದನಿಯನ್ನೂ ಅಣಕಿಸಿ ತೋರಿಸುತ್ತಿದ್ದಳಂತೆ, ನನ್ನದನ್ನೂ. ಮಗಳು ಬೆಳೆದ ಮೇಲೆ ಅವಳ ದಿನ ಎಲ್ಲಿ ಕಳೆಯುತ್ತಿತ್ತೆಂದು ತಾಯಿಗೆ ಏನು ತಿಳಿದಿರುತ್ತದೆ. ಈಗ ತಿಳಿಯುತ್ತಿದೆ.

ಆ್ಯಪಿನಲ್ಲಿ ಬರೆದದ್ದು ಅಳಿಸಿಹೋಗದ ಹಾಗೂ ಮಾಡಿಸಿದ್ದೇನೆ. ಇವತ್ತು ಫೋಟೊದ ಕೆಳಗೆ "ಊಟ ಆಯ್ತಾ" ಎಂದಿತ್ತು. ನಾನೇ ಹೇಳಿಕೊಟ್ಟದ್ದು. ಹೇಳಿಕೊಟ್ಟದ್ದಾದರೂ ಬಂದಾಗ ಎರಡು ಸಲ ಓದಿದೆ. "ಆಯ್ತು, ನಿಂದು?" ಎಂದು ಬರೆದೆ.

ಸೆಪ್ಟೆಂಬರ್ 24, ಮಂಗಳವಾರ

ಪಾಪು ಇವತ್ತು ಬಸ್ ಸ್ಟಾಪಿನಲ್ಲಿ.

ಅಕ್ಟೋಬರ್ 1, ಮಂಗಳವಾರ

ಇವತ್ತು ತಡವಾಯಿತು. ಕತ್ತಲಾದರೂ ಬರಲಿಲ್ಲ. ಲೆನ್ಸಿನ ಮೇಲೆ ಕಣ್ಣು ಬರುವ ಜಾಗದ ಗುರುತು ಹಾಕುವಾಗ ಎರಡು ಸಲ ತಪ್ಪಿತು. ಡಾಕ್ಟರಮ್ಮ ಲೆನ್ಸನ್ನು ನನ್ನ ಕೈಯಿಂದ ತೆಗೆದು ತಾವೇ ಹಾಕಿದರು. ಕೊನೆಗೆ ಬಂತು, ಬರೀ ಕತ್ತಲೆಯ ಫೋಟೊ. ಕೆಳಗೆ "ಅಮ್ಮಾ" ಎಂದಿತ್ತು. ಅವಳು ನನ್ನನ್ನು ಅಮ್ಮಾ ಎನ್ನುತ್ತಿರಲಿಲ್ಲ, ಅಮ್ಮು ಎನ್ನುತ್ತಿದ್ದಳು. ಕೊಕ್ಕರೆಗೆ ಗೊತ್ತಿರುವುದೇ. ಹಾಗೆಂದು ಬರೆದೆ. ಈ ಹುಡುಗಿಗೆ ಒಂದು ಕೆಲಸ ನೆಟ್ಟಗೆ ಮಾಡಲು ಬರುವುದಿಲ್ಲ.

ಅಕ್ಟೋಬರ್ 6, ಭಾನುವಾರ

ಕೊಕ್ಕರೆ ಊಟಕ್ಕೆ ಬಂದಿದ್ದಳು. ಎಷ್ಟು ದಿನಗಳ ಮೇಲೆ ಮೂರು ತಟ್ಟೆ ಇಟ್ಟೆ! ಮೇಜಿಗೆ ಕೈಯೂರಿ ಕೂತಳು. "ಕೋಳಿ ಕೆದಕಿದ ಹಾಗೆ ಊಟ ಮಾಡ್ಬೇಡ್ವೇ" ಎಂದರೆ "ಕೊಕ್ಕರೆ ಆಂಟಿ, ಕೋಳಿ ಅಲ್ಲ" ಎಂದಳು. ಇವರೂ ನಕ್ಕರು.

ಊಟ ಆದಮೇಲೆ ಪಾಪುವಿನ ನೀಲಿ ಸ್ವೆಟರ್ ತೆಗೆದುಕೊಟ್ಟೆ. ಹಾಕಿಕೊಂಡಳು. ಎಷ್ಟು ಚೆನ್ನಾಗಿ ಒಪ್ಪಿತು, ತೋಳು ಮಾತ್ರ ಗಿಡ್ಡ. ಪಾಪುವಿನ ಕೋಣೆಯ ಕಿಟಕಿಯ ಹತ್ತಿರ ನಿಲ್ಲಿಸಿ, ಮುಖ ಬಾರದ ಹಾಗೆ, ತೋಳೂ ಕೂದಲೂ ಮಾತ್ರ ಕಾಣುವ ಹಾಗೆ ಫೋಟೊ ತೆಗೆಸಿದೆ. ಸಂಜೆ ಅದನ್ನು ಕಳಿಸು ಎಂದೆ. ಅಷ್ಟರಲ್ಲಿ ಇವರು ಏನನ್ನೋ ಹುಡುಕಿಕೊಂಡು ಬಂದವರು ಬಾಗಿಲಲ್ಲಿ ನಿಂತರು. ಕೊಕ್ಕರೆ ಬೆನ್ನು ಮಾಡಿಕೊಂಡು ಕಿಟಕಿಯ ಕಡೆ ನಿಂತಿದ್ದಳು. ಇವರ ಬಾಯಿಂದ ಒಂದು ದನಿ ಬಂತು, ಮಾತಲ್ಲ. ಹೊರಗೆ ಹೋದವರು ಕತ್ತಲಾದ ಮೇಲೆ ಬಂದರು.

"ಆ ಹುಡುಗಿಗೆ ಮನೆ ಇಲ್ವಾ?" ಎಂದರು.

"ಇದೆ. ಯಾಕೆ?"

"ಇದ್ರೆ ಅಲ್ಲಿರ್ಲಿ."

ಇವರು ಯಾವಾಗಲೂ ಹೀಗೆ. ಒಂದು ಮಗು ಮನೆಗೆ ಬಂದು ಉಂಡು ಹೋದರೆ ಏನು ಕಷ್ಟ. ಸ್ವೆಟರನ್ನು ಕೊಕ್ಕರೆ ಮಡಿಸಿಡದೆ ಕುರ್ಚಿಯ ಮೇಲೆ ಎಸೆದು ಹೋಗಿದ್ದಳು. ಪಾಪುವಿನ ಅಭ್ಯಾಸವೇ.

ಅಕ್ಟೋಬರ್ 12, ಶನಿವಾರ

ಕೊಕ್ಕರೆ ಅಂಗಡಿಗೆ ಬಂದಿದ್ದಳು, ತಲೆನೋವೆಂದು. ಡಾಕ್ಟರಮ್ಮ ಪರೀಕ್ಷೆ ಮಾಡಿದರು. ನಂಬರು ಒಂದಿಷ್ಟೂ ಬದಲಾಗಿಲ್ಲ. "ಕಣ್ಣಿಗೂ ವಾರಕ್ಕೊಂದು ರಜಾ ಕೊಡ್ರೇ. ಅದೇನು ನಿಮ್ಮ ಮನೆ ಕೂಲಿಯೇನು?" ಎಂದು ಎಲ್ಲ ಹುಡುಗರಿಗೂ ಹೇಳುವುದನ್ನು ಇವಳಿಗೂ ಹೇಳಿದರು. ನನ್ನ ಹತ್ತಿರ ಬಂದು ಮೆಲ್ಲಗೆ, "ಈ ಹುಡುಗಿ ನಿದ್ದೆ ಮಾಡ್ತಿಲ್ಲ ಕಣ್ರೀ" ಎಂದರು.

ಕೊಕ್ಕರೆ ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತು ತನ್ನ ಕನ್ನಡಕ ಒರೆಸುತ್ತ ಒಂದು ವಿಷಯ ಹೇಳಿದಳು. ಗುಂಪಿನ ಉಳಿದಿಬ್ಬರಿಗೂ ಪಾಪುವಾಗಿ ಬರುವುದು ಇವಳೇ ಎಂದು ಗೊತ್ತು. ಗೊತ್ತಿದ್ದೂ ಈಚೆಗೆ ಅವರು ಮನೆಯ ಜಗಳ, ಹುಡುಗನ ವಿಷಯ, ಅಳು, ಎಲ್ಲವನ್ನೂ ಪಾಪುವಿಗೆ ಬರೆಯುತ್ತಾರಂತೆ. ಇವಳು ಪಾಪುವಾಗಿ ಉತ್ತರ ಕೊಡಬೇಕು.

"ನೀನಾಗಿ ಕೊಡ್ಬಾರ್ದಾ?"

"ನಾನಾಗಿ ಹೇಳಿದ್ರೆ ಯಾರೂ ಕೇಳಲ್ಲ ಆಂಟಿ. ಅವಳಾಗಿ ಹೇಳಿದ್ರೆ ಕೇಳ್ತಾರೆ." ನಕ್ಕಳು. "ಬೆಳಿಗ್ಗೆ ನನ್ನ ಪಾಳಿ, ಸಂಜೆ ಅವಳ ಪಾಳಿ."

ನಾನೂ ನಕ್ಕೆ. ಪಾಪುವಿನ ಮಾತಿಗೆ ಈಗಲೂ ಬೆಲೆ ಇದೆ ಎಂದು ಕೇಳಿ ಹೆಮ್ಮೆಯಾಯಿತು.

ಅಕ್ಟೋಬರ್ 19, ಶನಿವಾರ

ಕೊಕ್ಕರೆ ಓದುವುದು ಕಲ್ಲು ಮಣ್ಣಿನ ಶಾಸ್ತ್ರ. ಅವರ ಕ್ಲಾಸಿನವರನ್ನು ಬರುವ ಶನಿವಾರ ದೂರದ ಬೆಟ್ಟಗಳಿಗೆ ಕರೆದುಕೊಂಡು ಹೋಗುತ್ತಾರಂತೆ, ಎರಡು ವಾರ. ಬಂಡೆ ಒಡೆದು ನೋಡುವುದು, ನಕ್ಷೆ ಬರೆಯುವುದು, ಡೇರೆಯಲ್ಲಿ ಮಲಗುವುದು. ಅಲ್ಲಿ ಫೋನಿಗೆ ಸಿಗ್ನಲ್ ಇಲ್ಲ.

ಹಾಗಾದರೆ ಬೆಂಕಿಯ ಗತಿ ಏನು ಎಂದು ಕೇಳಬೇಕೆಂದಿದ್ದೆ. ಮರುಕ್ಷಣವೇ ಅವಳೇ ಹೇಳಿದಳು, "ನಾನು ಹೋಗ್ತಿಲ್ಲ ಆಂಟಿ. ಆಣೆ ಮಾಡಿದೀನಲ್ಲ."

ಹೋಗದಿದ್ದರೆ ಒಂದು ವರ್ಷ ಹೋಗುತ್ತದಂತೆ. ಒಂದು ವರ್ಷ ಏನು ಮಹಾ. ಬಂಡೆಗಳು ಎಲ್ಲಿಗೂ ಓಡಿಹೋಗುವುದಿಲ್ಲ. ಒಳ್ಳೆಯ ಹುಡುಗಿ.

ಅಕ್ಟೋಬರ್ 23, ಬುಧವಾರ

ಕೊಕ್ಕರೆಯ ಅಮ್ಮ ಅಂಗಡಿಗೆ ಬಂದಿದ್ದರು. ಆಸ್ಪತ್ರೆಯಲ್ಲಿ ನರ್ಸು, ಡ್ಯೂಟಿಯ ಬಟ್ಟೆಯಲ್ಲೇ ಬಂದಿದ್ದರು. ಗಿರಾಕಿ ಇರಲಿಲ್ಲ. ಡಾಕ್ಟರಮ್ಮ ಒಮ್ಮೆ ನೋಡಿ, ಚಹಾ ಕುಡಿದು ಬರುತ್ತೇನೆಂದು ಎದ್ದು ಹೋದರು.

"ಕೂತ್ಕೊಳ್ಳಿ" ಎಂದೆ.

"ಕೂರೋಕೆ ಬಂದಿಲ್ಲ. ನನ್ನ ಮಗಳನ್ನ ವಾಪಸ್ ಕೇಳೋಕೆ ಬಂದೆ."

"ನಾನೇನು ಕಟ್ಟಿಹಾಕಿದೀನಾ ಅವಳನ್ನ?"

"ಸಂಜೆ ಆದ್ರೆ ಅವಳು ನಮ್ಮನೇಲಿ ಇರಲ್ಲ. ಎದುರಿಗೇ ಕೂತಿರ್ತಾಳೆ, ಇರಲ್ಲ. ಮೊನ್ನೆ ಹೆಸ್ರು ಹಿಡಿದು ಕರೆದೆ, ತಿರುಗ್ಲಿಲ್ಲ. ಎರಡು ಸಲ ಕರೆದೆ. ಆಮೇಲೆ ನಿಮ್ಮ ಮಗಳ ಹೆಸ್ರು ಹಿಡಿದು ಕರೆದೆ." ಮೇಜಿನ ಅಂಚು ಹಿಡಿದುಕೊಂಡರು. "'ಏನಮ್ಮು' ಅಂದ್ಳು ಕಣ್ರೀ. ನನ್ನನ್ನ ಅವಳು ಯಾವತ್ತು ಅಮ್ಮು ಅಂದಿದ್ಳು?"

ನಾನು ಚಿಮುಟ ತೆಗೆದುಕೊಂಡು ಒಂದು ಸ್ಕ್ರೂ ಹುಡುಕಿದೆ.

"ನಿಮ್ಮ ಸಂಕಟ ನಂಗೆ ಅರ್ಥ ಆಗಲ್ಲ ಅಂತ ನೀವು ಹೇಳ್ಬಹುದು" ಎಂದರು. "ಹೌದು, ಆಗಲ್ಲ. ಅರ್ಥ ಆಗೋ ದಿನ ಬರೋದು ಬೇಡ ಅಂತ್ಲೇ ಬಂದಿದೀನಿ."

ಹೋದರು. ಬಾಗಿಲು ಹಾಕದೆ ಹೋದರು.

ಅವರಿಗೇನು, ಮಗಳಿದ್ದಾಳೆ. ಮನೆಗೆ ಹೋದರೆ ಬಾಗಿಲು ತೆಗೆಯುವವಳು ಇದ್ದಾಳೆ. ಇದ್ದವರು ಬಂದು ಇಲ್ಲದವರ ಹತ್ತಿರ ಇದ್ದದ್ದನ್ನು ಕಿತ್ತುಕೊಳ್ಳುವುದು. ಗಾಯದ ಮೇಲೆ ಬರೆ. ಇವರ ಮುಂದೆ ಹೇಳಿದರೆ ಇವರು ಆ ಹೆಂಗಸಿನ ಪರ ಮಾತಾಡುತ್ತಾರೆ. ಹೇಳುವುದಿಲ್ಲ.

ಅಕ್ಟೋಬರ್ 24, ಗುರುವಾರ

ಯೋಚಿಸಿ ಒಂದು ದಾರಿ ಕಂಡುಕೊಂಡೆ. ಬೆಂಕಿ ನಾನೇ ನೋಡಿಕೊಂಡರೆ ಕೊಕ್ಕರೆ ಬೆಟ್ಟಕ್ಕೂ ಹೋಗಬಹುದು, ಅವಳಮ್ಮನ ಬಾಯಿಯೂ ಮುಚ್ಚುತ್ತದೆ. ಮಧ್ಯಾಹ್ನ ಕಾಲೇಜಿನ ಹತ್ತಿರ ಹೋಗಿ ಪಾಸ್‌ವರ್ಡ್ ಕೇಳಿದೆ. ಕೊಡಲು ಹಿಂದೆಮುಂದೆ ನೋಡಿದಳು. "ಒಳಗೆ ಹೋಗ್ಬೇಡಿ ಆಂಟಿ. ನಾನೇ ಇದೀನಲ್ಲ. ಹೇಗಿದ್ರೂ ನಾನು ಬೆಟ್ಟಕ್ಕೆ ಹೋಗಲ್ಲ. ಆಣೆ ಮಾಡಿದೋಳು ನಾನು" ಎಂದಳು. ಒತ್ತಾಯ ಮಾಡಿ ತೆಗೆದುಕೊಂಡೆ.

ಮನೆಗೆ ಬಂದು ಪಾಪುವಿನ ಫೋನಿಗೆ ಚಾರ್ಜು ಹಾಕಿದೆ. ಜೀವ ಬಂತು. ಅವಳಾಗಿ ಒಳಗೆ ಹೋದೆ.

ಹೆಸರುಗಳ ಪಟ್ಟಿ. ಮೂವರು ಗೆಳತಿಯರು, ಮೂರು ಬೆಂಕಿ. ನಾಲ್ಕನೆಯದು ನಾನು. ಅವಳ ಕಡೆಯಿಂದ ನನ್ನ ಹೆಸರನ್ನು ನೋಡಿದ್ದು ಇದೇ ಮೊದಲು. ತೆರೆದೆ.

ನಾನು ಈ ತಿಂಗಳೆಲ್ಲ ಕಳಿಸಿದ್ದು ಒಂದರ ಕೆಳಗೊಂದು ಇತ್ತು. ಕೊಕ್ಕರೆ ದಿನಾ ಸಂಜೆ ನೋಡುತ್ತಿದ್ದದ್ದು ಇದನ್ನು.

ಇವತ್ತು ಯಾಕೆ ತಡ.
ಛಾವಣಿ ಬೇಡ ಅಂದಿದ್ದೆ.
ಮೆಟ್ಟಿಲ ಮೇಲೆ ಎಡಗಡೆ ಕೂತು ತೆಗಿ. ಅವಳು ಎಡಗಡೆ ಕೂರ್ತಿದ್ಲು ಅಂತ ನೀನೇ ಹೇಳಿದ್ದೆ.
ಅಮ್ಮು ಅನ್ನು.
ಕೂದಲು ಬಿಟ್ಕೊಂಡು ಕಳಿಸು.
ಇದ್ರಲ್ಲಿ ನಿನ್ನ ಮುಖ ಬಂದಿದೆ. ನೀನು ಬೇಡ. ಅವಳನ್ನ ಕಳಿಸು.
ಜ್ವರ ಇದ್ರೆ ಏನಾಯ್ತು, ಒಂದು ಫೋಟೊ ತೆಗೆಯೋಕೆ ಎಷ್ಟು ಹೊತ್ತು.

ಒಂದೊಂದರ ಕೆಳಗೂ ಉತ್ತರ ಒಂದೇ. ಸರಿ ಅಮ್ಮು. ಸರಿ ಅಮ್ಮು. ಸರಿ ಅಮ್ಮು.

ಜ್ವರ ಯಾವಾಗ ಬಂದಿತ್ತು ಅವಳಿಗೆ? ಈ ದಿನಚರಿಯ ಹಾಳೆ ಹಿಂದಕ್ಕೆ ತಿರುಗಿಸಿ ನೋಡಿದೆ. ಎಲ್ಲೂ ಬರೆದಿಲ್ಲ. ಈ ತಿಂಗಳ ನಡುವೆ ಇರಬೇಕು. "ಆಂಟಿ ತುಂಬಾ ಜ್ವರ, ನಾಳೆ ಕಳಿಸ್ಲಾ" ಎಂದು ಕೇಳಿದ್ದಾಳೆ. ಪಾಪುವಿನ ಹೆಸರಿನಿಂದ ಬಂದಿದೆ ಆ ಮಾತು. ಪಾಪುವನ್ನು ಕರೆದುಕೊಂಡು ಹೋದದ್ದೂ ಜ್ವರವೇ. ಬೆಳಿಗ್ಗೆ ತಲೆನೋವು, ಮೂರನೇ ದಿನ ಅವಳಿಲ್ಲ. ಜ್ವರ ಎಂದು ಅವಳ ಹೆಸರಿನಿಂದ ಬಂದದ್ದನ್ನು ನಾನು ಓದಿದ್ದೇನೆ. ಓದಿ, ಹೀಗೆ ಬರೆದಿದ್ದೇನೆ.

ಮಾತುಗಳು ನನ್ನವೇ. ಬರೆದವಳು ಯಾರೋ.

ಇವರು ಬಾಗಿಲಲ್ಲಿ ನಿಂತು ಊಟಕ್ಕೆ ಕರೆದರು. ಹಸಿವಿಲ್ಲ ಎಂದೆ.

ಅಕ್ಟೋಬರ್ 25, ಶುಕ್ರವಾರ

ಅಂಗಡಿಗೆ ಹೋಗಲಿಲ್ಲ. ಬೆಳಿಗ್ಗೆಯೇ ಕೊಕ್ಕರೆಯ ಮನೆಗೆ ಹೋದೆ. ಅವಳಮ್ಮ ಬಾಗಿಲು ತೆಗೆದರು. ಅಡ್ಡ ನಿಂತರು. "ಒಂದು ಮಾತು ಹೇಳಿ ಹೋಗ್ತೀನಿ" ಎಂದೆ. ನನ್ನ ಮುಖದಲ್ಲಿ ಏನು ಕಂಡರೋ, ಪಕ್ಕಕ್ಕೆ ಸರಿದರು.

ಕೊಕ್ಕರೆ ಒಗೆದ ಬಟ್ಟೆಗಳನ್ನು ಮಡಿಸುತ್ತಿದ್ದಳು. ನನ್ನನ್ನು ಕಂಡದ್ದೇ ಎದ್ದು ಫೋನು ತೆಗೆದುಕೊಂಡಳು. "ಇವತ್ತು ಬೇಗ ಕಳಿಸ್ತೀನಿ ಆಂಟಿ, ಖಂಡಿತ."

ಅವಳ ಮಂಚದ ಮೇಲೆ ಕೂತೆ.

"ನೀನು ಅವಳಿಗೆ ಕೊಟ್ಟ ಮಾತನ್ನ ನಂಗೆ ಕೊಡು" ಎಂದೆ.

"ಪಾಸ್‌ವರ್ಡ್ ನಿನ್ನೆ ಕೊಟ್ನಲ್ಲ ಆಂಟಿ."

"ಪಾಸ್‌ವರ್ಡ್ ಅಲ್ವೇ. ಮಾತು."

"ಅವಳು ವಾಪಸ್ ಬರೋವರೆಗೂ ಅಂತ…"

"ಬರಲ್ಲ."

ಕೊಕ್ಕರೆ ನನ್ನನ್ನೇ ನೋಡಿದಳು. ನನಗೆ ಸಿಟ್ಟು ಬಂತು, ಯಾರ ಮೇಲೆಂದು ತಿಳಿಯದ ಸಿಟ್ಟು. "ಬರಲ್ಲ ಕಣೇ ಅವಳು. ಹೆತ್ತವಳು ಹೇಳ್ತಿದೀನಿ, ಬರಲ್ಲ. ಯಾರಿಗೂ ಯಾರೂ ಏನೂ ಉರಿಸಿ ಇಡೋದು ಬೇಡ. ನಾಳೆ ಬಸ್ಸು ಹತ್ತು. ಹೋಗಿ ಕಲ್ಲು ಒಡಿ."

ಕೈಯಲ್ಲಿದ್ದ ಬಟ್ಟೆಗೆ ಮುಖ ಒತ್ತಿಕೊಂಡು ಅತ್ತಳು. ಆಸ್ಪತ್ರೆಯ ದಿನ ಅವಳು ಅತ್ತದ್ದು ನನಗೆ ನೆನಪಿಲ್ಲ. ಅಂದು ನಾನು ಯಾರನ್ನು ನೋಡಿದ್ದೆ. ಅವಳಮ್ಮ ಒಳಗೆ ಬಂದು ಅವಳ ತಲೆಯನ್ನು ತಬ್ಬಿಕೊಂಡರು. ನಾನು ಕೈ ಚಾಚಿದೆ, ಆಮೇಲೆ ಹಿಂದಕ್ಕೆ ತೆಗೆದುಕೊಂಡೆ. ಎದ್ದು ಬಂದೆ.

ಸಂಜೆಯ ಫೋಟೊ ಬಂತು. ಛಾವಣಿ. ಉತ್ತರ ಕಳಿಸಿದೆ, ಇಂದಿನ ಮಟ್ಟಿಗೆ.

ಅಕ್ಟೋಬರ್ 27, ಭಾನುವಾರ

ಕೊಕ್ಕರೆ ನಿನ್ನೆ ಹೋದಳು. ನಿನ್ನೆಯಿಂದ ಯಾರೂ ಪಾಪುವಾಗಿಲ್ಲ.

ಮಧ್ಯಾಹ್ನದ ಹೊತ್ತಿಗೆ ಪಾಪುವಿನ ಫೋನಿನಲ್ಲಿ ಒಂದೊಂದು ಹೆಸರಿನ ಪಕ್ಕದಲ್ಲೂ ಮರಳು ಗಡಿಯಾರ ಬಂದು ಕೂತಿತು. ಆರುವ ಮುಂಚೆ ಹಾಗೆ ತೋರಿಸುತ್ತದೆ. ಉಳಿದಿಬ್ಬರು ಹುಡುಗಿಯರು ಒಂದರ ಹಿಂದೊಂದು ಬರೆದರು. ಎಲ್ಲಿದೀಯಾ. ಯಾರಾದ್ರೂ ಕಳಿಸ್ರೇ. ಪ್ಲೀಸ್. ಪ್ಲೀಸ್ ಕಣೇ. ಒಬ್ಬಳು ತನ್ನ ಒದ್ದೆ ಕಣ್ಣಿನ ಫೋಟೊ ಕಳಿಸಿದಳು. ಅವರ ಪರಿಚಯ ನನಗೆ ಅಷ್ಟಿಲ್ಲ. ನನ್ನ ಫೋನ್ ತೆಗೆದು, ನನ್ನ ಹೆಸರಿನಿಂದಲೇ ಬರೆದೆ. "ನಾನು ಪಾಪು ಅಮ್ಮ. ನಾನೇ ಕಳಿಸ್ತಿಲ್ಲ. ಕೊಕ್ಕರೆ ಮೇಲೆ ಸಿಟ್ಟಾಗಬೇಡಿ. ಯಾವಾಗಲಾದರೂ ಮನೆಗೆ ಬನ್ನಿ." ಆಮೇಲೆ ಒಬ್ಬಳಿಂದ "ಸರಿ ಆಂಟಿ" ಎಂದು ಬಂತು.

ಇವರು ಎದುರಿಗೆ ಕೂತಿದ್ದರು. ಎದ್ದು ಹೋಗಲಿಲ್ಲ. ಎರಡು ಫೋನುಗಳನ್ನೂ ನೋಡಿದರು. ನಾನು ಮೊದಲಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದೆ. ಹೇಳಿ ಮುಗಿದ ಮೇಲೆ ಪಾಪುವಿನ ಫೋನನ್ನು ಕೈಗೆ ತೆಗೆದುಕೊಂಡರು.

"ಈಗ ಒಂದು ಕಳಿಸಿದ್ರೆ ಉಳಿಯುತ್ತಾ?"

"ಉಳಿಯುತ್ತೆ."

"ಏನು ಬೇಕಾದ್ರೂ ಕಳಿಸ್ಬಹುದಾ?"

"ಏನು ಬೇಕಾದ್ರೂ."

ಫೋನನ್ನು ಎತ್ತಿ ಹಿಡಿದರು. ಅದರ ಪರದೆಯಲ್ಲಿ ನಮ್ಮ ಊಟದ ಮೇಜು ಕಂಡಿತು. ಇಷ್ಟು ದಿನ ಅವಳ ಹೆಸರನ್ನೇ ಎತ್ತದವರ ಹೆಬ್ಬೆರಳು ಒತ್ತುವ ಗುಂಡಿಯ ಮೇಲೆ ಬಂದು ನಿಂತಿತ್ತು.

"ಒಂದೇ ಒಂದು" ಎಂದರು. ಚಿಕ್ಕ ಹುಡುಗರು ಕೇಳುವ ಹಾಗೆ. "ನಾನು ಒಂದೂ ಕಳಿಸಿಲ್ಲ ಅವಳಿಗೆ."

"ಬೇಡ ರೀ."

"ಇವತ್ತೊಂದು ದಿನ."

"ನಾಳೆ ನಾನು ಕೇಳ್ತೀನಿ. ಆಮೇಲೆ ನಿಲ್ಲಲ್ಲ."

ಹೆಬ್ಬೆರಳು ಅಲ್ಲೇ ಇತ್ತು. ನಾನು ಫೋನನ್ನು ಕಿತ್ತುಕೊಳ್ಳಲಿಲ್ಲ. ಕೇಳಿಕೊಂಡೆ, ಅಷ್ಟೇ. ಕೊನೆಗೆ ಅವರೇ ಮೇಜಿನ ಮೇಲೆ ಬೋರಲು ಮಾಡಿ ಇಟ್ಟರು. ಇಬ್ಬರೂ ಅದರ ಎರಡು ಕಡೆ ಕೂತೆವು. ಅದು ಆಗಾಗ ಮೇಜನ್ನು ಗುರುಗುಟ್ಟಿಸಿತು. ಆಮೇಲೆ ಕಡಿಮೆಯಾಯಿತು. ಆಮೇಲೆ ಏನೂ ಇಲ್ಲ.

ಅಕ್ಟೋಬರ್ 28, ಸೋಮವಾರ

ಹೆಸರಿದೆ. ಪಕ್ಕದಲ್ಲಿ ಖಾಲಿ.

ಕೆಲಸಕ್ಕೆ ಹೋದೆ.

ನವೆಂಬರ್ 10, ಭಾನುವಾರ

ನಿನ್ನೆ ಕೊಕ್ಕರೆ ಅಂಗಡಿಗೆ ಬಂದಿದ್ದಳು. ಬಸ್ಸಿಳಿದು ನೇರ ಬಂದಿದ್ದಳು, ಬೆನ್ನ ಮೇಲೆ ಚೀಲ. ಕನ್ನಡಕದ ಒಂದು ಕಡ್ಡಿ ಸೊಟ್ಟಗಾಗಿತ್ತು. ಡೇರೆಯಲ್ಲಿ ಯಾರೋ ಅದರ ಮೇಲೆ ಕೂತರಂತೆ. ಮೂಗಿನ ತುದಿ ಬಿಸಿಲಿಗೆ ಸುಲಿದಿತ್ತು.

"ಕಾಗೆ ಆಗಿ ಬಂದಿದೀಯಲ್ಲೇ ಕೊಕ್ಕರೆ" ಎಂದರು ಡಾಕ್ಟರಮ್ಮ.

"ಬೆಟ್ಟದ ಮೇಲೆ ಕನ್ನಡಿ ಇರ್ಲಿಲ್ಲ ಡಾಕ್ಟ್ರೇ, ಅದಕ್ಕೇ ಖುಷಿಯಾಗಿದ್ದೆ."

ಮಣಿಗಳ ಬಟ್ಟಲಲ್ಲಿ ಕಡ್ಡಿ ಬಿಸಿ ಮಾಡುತ್ತ ಅವಳ ಮಾತು ಕೇಳಿದೆ. ಒಂದು ಬಂಡೆಯೊಳಗೆ ಇನ್ನೊಂದು ಬಂಡೆ ಹೇಗೆ ಸೇರಿಕೊಂಡಿರುತ್ತದೆ, ಸುತ್ತಿಗೆಯಿಂದ ಎಲ್ಲಿ ಹೊಡೆದರೆ ಒಡೆಯುತ್ತದೆ, ಅವರ ಮೇಷ್ಟ್ರು ಹೇಗೆ ಎಲ್ಲರಿಗಿಂತ ಮೊದಲು ಜಾರಿ ಬಿದ್ದರು. ಕೈ ಆಡಿಸಿ ಆಡಿಸಿ ಹೇಳಿದಳು. ಬಾಗಿದ್ದ ಕುತ್ತಿಗೆ ನೆಟ್ಟಗಿತ್ತು. ಕಡ್ಡಿ ಸರಿಮಾಡಿ ಅವಳ ಮುಖಕ್ಕೆ ಇಟ್ಟೆ. ಎರಡು ಕಣ್ಣೂ ಲೆನ್ಸಿನ ನಡುವಿಗೆ ಬಂದಿವೆಯೇ ಎಂದು ಎದುರಿಗೆ ನಿಂತು ನೋಡಿದೆ. ಎಡ ಹುಬ್ಬಿನ ಕೆಳಗೆ ಅವಳಿಗೊಂದು ಮಚ್ಚೆ ಇದೆ. ಒಂದನೇ ಕ್ಲಾಸಿನಿಂದ ನೋಡುತ್ತಿರುವ ಹುಡುಗಿ, ನಿನ್ನೆಯೇ ಕಂಡದ್ದು.

"ಜ್ವರ ಹೋಯ್ತಾ?" ಎಂದೆ.

"ಯಾವ ಜ್ವರ ಆಂಟಿ?"

"ಆವತ್ತು ಬಂದಿತ್ತಲ್ಲ."

ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡಳು. "ಅದು ಆವಾಗ್ಲೇ ಹೋಯ್ತು" ಎಂದಳು. ಆಮೇಲೆ ಮೆಲ್ಲಗೆ ಕೇಳಿದಳು, "ಆರಿಹೋಯ್ತಾ?"

"ಹೂಂ."

ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಅವಳು ಏನನ್ನೋ ಹೇಳಲೆಂದೇ ಮನೆಗೂ ಹೋಗದೆ ಇಲ್ಲಿಗೆ ಬಂದಿದ್ದಾಳೆಂದು ಆಗ ತಿಳಿಯಿತು.

"ಆಂಟಿ, ಬೆಟ್ಟದ ಮೇಲೆ ಎರಡು ದಿನ ನಂಗೆ ಅವಳ ನೆನಪೇ ಆಗ್ಲಿಲ್ಲ. ಬೆಳಿಗ್ಗೆಯಿಂದ ರಾತ್ರಿವರೆಗೂ. ಮೂರನೇ ದಿನ ಹಲ್ಲುಜ್ಜುವಾಗ ಜ್ಞಾಪಕ ಬಂತು, ನೆನಪೇ ಆಗ್ಲಿಲ್ವಲ್ಲ ಅಂತ." ಹೊಡೆಸಿಕೊಳ್ಳಲು ನಿಂತವಳ ಹಾಗೆ ನಿಂತಿದ್ದಳು.

"ಒಳ್ಳೇದಾಯ್ತು ಬಿಡು" ಎಂದೆ.

ಹೇಳುವುದು ಸುಲಭವಾಯಿತು. ತಡೆದುಕೊಂಡಿದ್ದ ಉಸಿರು ಬಿಟ್ಟು ಅವಳು ಹೊರಟಾಗ, ಕನ್ನಡಕ ಜಾರಿದರೆ ಬಾ ಎಂದೂ ಕೂಗಿ ಹೇಳಿದೆ. ಒಳ್ಳೇದಾಯ್ತು ಎಂದದ್ದನ್ನು ಇಲ್ಲಿ ಬರೆಯಲು ನಿನ್ನೆ ಆಗಲಿಲ್ಲ. ಇವತ್ತು ಬೆಳಗಿನಿಂದ ಕೂತು ಬರೆದೆ.